ಎಡಗೈಗೆ ಸಿಗುವ ಮನೆ

ಮೆರೊಪಿಯಮ್ಮ ಅಂಗಡಿಗೆ ಬಂದ ದಿನ ಥೆಸಲೋನಿಕಿಯಲ್ಲಿ ಉತ್ತರದ ಗಾಳಿ ಬೀಸುತ್ತಿತ್ತು. ಅವರು ಬಾಗಿಲು ತೆಗೆದ ರಭಸಕ್ಕೆ ಮೇಜಿನ ಮೇಲಿದ್ದ ಬಟ್ಟೆಯ ಸ್ಯಾಂಪಲ್‌ಗಳೆಲ್ಲ ಹಾರಿ ನೆಲಕ್ಕೆ ಬಿದ್ದವು. ಅವುಗಳನ್ನು ತುಳಿದುಕೊಂಡೇ ಒಳಗೆ ಬಂದು, ಕೈಚೀಲವನ್ನು ಎದೆಗೆ ಅವುಚಿಕೊಂಡು ಕೂತರು.

"ಎವಾಂಥಿಯಾ, ಮಗನ ಮದುವೆ ಕಣಮ್ಮ. ಕಲಮರಿಯಾದ ಫ್ಲ್ಯಾಟು ಅವನಿಗೇ ಕೊಡ್ತಿದೀವಿ. ಗೋಡೆ ಬಿಟ್ರೆ ಅಲ್ಲೇನೂ ಇಲ್ಲ. ಪರದೆಯಿಂದ ಹಿಡಿದು ಚಮಚದವರೆಗೂ ನೀನೇ ನೋಡ್ಕೋಬೇಕು."

"ಹುಡುಗಿ ಏನಂತಾಳೆ?"

"ಏನೂ ಅನ್ನಲ್ಲ. 'ನಿಮಗೆ ಸರಿ ಕಂಡಿದ್ದು ಮಾಡಿ ಅತ್ತೆ' ಅಂತಾಳೆ. ಅಷ್ಟೊಂದು ಒಳ್ಳೇತನ ನೋಡಿದ್ರೆ ನನಗೆ ಭಯ ಆಗುತ್ತೆ."

ನಕ್ಕು ಪುಸ್ತಕ ತೆಗೆದೆ. "ಹೆಸರು ಹೇಳಿ."

"ಥೊಮೈ. ವೇರಿಯಾದವಳು. ಪೀಚ್ ಹಣ್ಣಿನ ಸಗಟು ವ್ಯಾಪಾರಿ ಲಾಜರೋಸ್ ಇದಾನಲ್ಲ, ಅವನ ಮಗಳು. ಅಜ್ಜಿ ಹೆಸರನ್ನೇ ಇಟ್ಟಿದಾರೆ, ಸಾಕಿದ್ದೂ ಅಜ್ಜಿನೇ. ತಾಯಿ..." ಮೆರೊಪಿಯಮ್ಮ ಧ್ವನಿ ತಗ್ಗಿಸಿದರು. "ತಾಯಿ ಇಲ್ಲ. ಇಲ್ಲ ಅಂದ್ರೆ ಸತ್ತಿಲ್ಲ. ಮಗು ಚಿಕ್ಕದಿದ್ದಾಗ ಯಾವನ ಜೊತೆಗೋ ಹೋದ್ಳಂತೆ. ನಮಗ್ಯಾಕೆ ಬಿಡು."

ಹಿಂದಿನ ಕೋಣೆಯಲ್ಲಿ ಬಟ್ಟೆಯ ಸುರುಳಿಯೊಂದು ದೊಪ್ಪನೆ ಬಿತ್ತು.

"ಬೆಕ್ಕು ಸಾಕಿದೀಯಾ?"

"ಹೂಂ, ಬೆಕ್ಕು," ಎಂದೆ.

ನಮ್ಮಲ್ಲಿ ಬೆಕ್ಕಿರಲಿಲ್ಲ. ಇದ್ದದ್ದು ಪೊಲಿಕ್ಸೆನಿ.

ಅಂಗಡಿಯ ಬಾಗಿಲ ಮೇಲಿರುವುದು ನನ್ನ ಮಾವನವರ ಹೆಸರು. ಕೊಳ್ಳುವುದು, ಮಾರುವುದು, ಗಿರಾಕಿಯ ಜೊತೆ ಹರಟುವುದು ನನ್ನ ಕೆಲಸ. ಆರಿಸುವುದು ಪೊಲಿಕ್ಸೆನಿಯದು. ಗಿರಾಕಿ 'ನೀಲಿ ಬೇಕು' ಎಂದರೆ ಅದು ಯಾವ ನೀಲಿ, ಆ ಕೋಣೆಗೆ ಬೆಳಕು ಯಾವ ಕಡೆಯಿಂದ ಬರುತ್ತದೆ, ಬೆಳಿಗ್ಗೆ ಚೆನ್ನಾಗಿ ಕಂಡ ಬಟ್ಟೆ ಸಂಜೆ ಹೊತ್ತಿಗೆ ಮಂಕಾಗುತ್ತದೆಯೇ ಎಂದೆಲ್ಲ ನೋಡುವವಳು ಅವಳು. ಏನನ್ನು ಎಲ್ಲಿಂದ ತರಿಸಬೇಕು, ಎಷ್ಟು ತರಿಸಬೇಕು, ಯಾವ ಅಂಚು, ಯಾವ ಕೀಲು, ಬಾಗಿಲು ಯಾವ ಕಡೆಗೆ ತೆರೆಯಬೇಕು ಎಂದು ಅವಳು ಬರೆದುಕೊಟ್ಟರೆ ಬಡಗಿ ಸಾವಾಸ್ ತಿರುಗಿ ಒಂದು ಪ್ರಶ್ನೆಯನ್ನೂ ಕೇಳುತ್ತಿರಲಿಲ್ಲ. ನಮ್ಮ ಬಡಗಿ ಪ್ರಶ್ನೆ ಕೇಳದೆ ಬದುಕುವ ಜಾತಿಯವನಲ್ಲ, ಆದ್ದರಿಂದ ಅದು ದೊಡ್ಡ ಮಾತೇ.

ಮೆರೊಪಿಯಮ್ಮ ಹೋದ ಮೇಲೆ ಹಿಂದಿನ ಕೋಣೆಯ ಪರದೆ ಸರಿಸಿ ನೋಡಿದೆ. ಪೊಲಿಕ್ಸೆನಿ ಬಿದ್ದ ಸುರುಳಿಯ ಮೇಲೆಯೇ ಕೂತಿದ್ದಳು.

"ನನ್ನ ಮಗಳು," ಎಂದಳು.

"ಗೊತ್ತಾಯ್ತು ಕಣೇ."

ಅವಳ ಕಥೆ ನನಗೆ ಗೊತ್ತಿತ್ತು, ಅವಳೇ ಹೇಳಿದ್ದಳು, ತನ್ನ ಕಡೆಗೆ ಎಳೆದುಕೊಳ್ಳದೆ ಹೇಳಿದ್ದಳು. ಗಂಡ ಕೆಟ್ಟವನಲ್ಲ. ಅವಳಿಗೆ ಕವಾಲಾದ ಅಮೃತಶಿಲೆ ವ್ಯಾಪಾರಿಯೊಬ್ಬನ ಮೇಲೆ ಮನಸ್ಸಾಯಿತು, ಹೋದಳು. ಮನೆ ಮಾಡಿದ ಮೇಲೆ ಬಂದು ಮಗುವನ್ನು ಕರೆದೊಯ್ಯುತ್ತೇನೆ ಎಂದುಕೊಂಡಿದ್ದಳು. ಆ ಮನೆ ನಿಲ್ಲಲಿಲ್ಲ, ಆ ಗಂಡಸೂ ನಿಲ್ಲಲಿಲ್ಲ. ವೇರಿಯಾಕ್ಕೆ ಮರಳಿ ಹೋದಾಗ ಏಳು ವರ್ಷದ ಮಗು ಬಾಗಿಲ ಹಿಂದಿನಿಂದ "ಅಜ್ಜಿ ಮಲಗಿದಾರೆ, ಯಾರೂ ಬರಬಾರದಂತೆ" ಎಂದಿತ್ತು. ಧ್ವನಿ ಗುರುತು ಸಿಕ್ಕಿ ಹಾಗಂದಿತೋ, ಸಿಗದೆ ಅಂದಿತೋ, ಅದು ಮಾತ್ರ ಅವಳಿಗೆ ಇವತ್ತಿಗೂ ತಿಳಿದಿಲ್ಲ.

"ಈ ಕೆಲಸ ಬೇಡ ಅಂತ ಹೇಳ್ಬಿಡ್ತೀನಿ," ಎಂದೆ.

"ಬೇಡ ಅನ್ನಬೇಡ. ನಾನು ಎದುರಿಗೆ ಬರಲ್ಲ. ಮನೆ ಅಳತೆಗೆ ನೀನು ಹೋಗು. ನನ್ನ ಹೆಸರು ಎಲ್ಲೂ ಬರೋದು ಬೇಡ." ಎದ್ದು ಸುರುಳಿಯನ್ನು ಗೋಡೆಗೆ ಒರಗಿಸುತ್ತ ಹೇಳಿದಳು: "ಮದುವೆಗೆ ಕರೆಯಲ್ಲ, ಮದುವೆ ಮಂಚಕ್ಕೆ ಹಾಸಿಗೆ ಹಾಸೋ ಶಾಸ್ತ್ರಕ್ಕೂ ಕರೆಯಲ್ಲ. ಅವಳು ಎದ್ದು ಓಡಾಡೋ ಮನೆನಾದ್ರೂ ನಾನು ಮಾಡ್ತೀನಿ. ಯಾರು ಮಾಡಿದ್ದು ಅಂತ ಅವಳಿಗೆ ಗೊತ್ತಾಗೋದೇ ಬೇಡ. ಕೈಗೆ ಸಲೀಸಾಗಿದ್ರೆ ಸಾಕು."

ಅಷ್ಟನ್ನೇ ಅವಳು ಕೇಳಿದ್ದು. ನಾನು ಒಪ್ಪಿದೆ.

ಹುಡುಗಿ ಸ್ಯಾಂಪಲ್ ನೋಡಲು ಬಂದಾಗ ಜೊತೆಗೆ ಮೆರೊಪಿಯಮ್ಮ ಇದ್ದರು. ಥೊಮೈ ಎತ್ತರದವಳು, ತೋಳು ನೀಳ, ಮಾತು ಕಡಿಮೆ. ಪೊಲಿಕ್ಸೆನಿ ಹಿಂದಿನ ಕೋಣೆಯಲ್ಲಿ ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡದ್ದು ನನಗೆ ಕೇಳಿಸಿತು.

ಮಲಗುವ ಕೋಣೆಯ ಗೋಡೆಗೆ ಹುಡುಗಿ ಬಾದಾಮಿ ಹಾಲಿನ ಬಣ್ಣದ ವಾಲ್‌ಪೇಪರ್ ಆರಿಸಿದಳು. ಹೊಳಪಿಲ್ಲದ್ದು, ಮುಟ್ಟಿದರೆ ಮೈದಾ ಹಿಟ್ಟಿನಂತೆ ನುಣುಪು.

"ಇದು ಚೆಂದ, ಆದ್ರೆ ಕೈ ತಾಗಿದಲ್ಲಿ ಮಾಸುತ್ತೆ ಮಗಳೇ," ಎಂದೆ. "ಒರೆಸೋಕೂ ಬರಲ್ಲ."

"ಗೋಡೆನ ಯಾರು ಮುಟ್ತಾರೆ ಆಂಟಿ?"

"ಮಕ್ಕಳಾದ ಮೇಲೆ ಕೇಳು ಈ ಮಾತು," ಎಂದರು ಮೆರೊಪಿಯಮ್ಮ. "ನನ್ನ ಮಗ ಗೋಡೆಗೆ ಟೊಮೇಟೊ ಸಾರು ಎರಚಿದ್ದ."

"ಈಗ್ಲೂ ಎರಚ್ತಾರಾ ಅತ್ತೆ? ಈಗ್ಲೇ ಹೇಳ್ಬಿಡಿ, ಬೇರೆ ಬಣ್ಣ ತಗೋತೀನಿ."

ಮೆರೊಪಿಯಮ್ಮ ಜೋರಾಗಿ ನಕ್ಕರು. ಪರದೆಯ ಹಿಂದೆಯೂ ಉಸಿರು ಬಿಟ್ಟ ಸದ್ದಾಯಿತು. ಹುಡುಗಿ ಆರಿಸಿದ್ದನ್ನೆಲ್ಲ ಬರೆದು ಮುಂದಿಟ್ಟೆ, ಅವಳು ರುಜು ಹಾಕಿ ಹೋದಳು.

"ಯಾವ ಕೈಲಿ ರುಜು ಹಾಕಿದ್ಲು?" ಪೊಲಿಕ್ಸೆನಿ ಹೊರಗೆ ಬಂದವಳೇ ಕೇಳಿದಳು.

"ಬಲಗೈಲಿ."

"ಬಟ್ಟೆ ಮುಟ್ಟಿ ನೋಡಿದ್ದು?"

ನಾನು ನೆನಪು ಮಾಡಿಕೊಂಡೆ. ಬಟ್ಟೆ ಮಾರುವವರ ಕಣ್ಣು ಗಿರಾಕಿಯ ಬೆರಳಿನ ಮೇಲೇ ಇರುತ್ತದೆ, ಬಾಯಿ ಬೇಡವೆಂದರೂ ಬೆರಳು ಬೇಕೆನ್ನುತ್ತಿರುತ್ತದೆ. "ಎಡಗೈಲಿ," ಎಂದೆ. "ಎಲ್ಲಾನೂ ಎಡಗೈಲೇ ಮುಟ್ಟಿದ್ದು."

ಅವಳು ಕೂತಳು. ಮಗು ಚಿಕ್ಕಂದಿನಲ್ಲೇ ಎಡಚಿ. ಪೊಲಿಕ್ಸೆನಿಯ ಅತ್ತೆಗೆ, ಅಂದರೆ ಮಗುವಿನ ಅಜ್ಜಿಗೆ, ಅದು ಆಗುತ್ತಿರಲಿಲ್ಲ, ಶಿಲುಬೆಯ ಗುರುತು ಮಾಡುವ ಬಲಗೈಯಲ್ಲೇ ಊಟ ಮಾಡಬೇಕೆಂದು ಹಠ. ಎಡಗೈಗೆ ಉಣ್ಣೆಯ ಕಾಲುಚೀಲ ತೊಡಿಸಿ ಮಣಿಕಟ್ಟಿಗೆ ದಾರ ಕಟ್ಟುತ್ತಿದ್ದಳಂತೆ. ಪೊಲಿಕ್ಸೆನಿ ಬಿಚ್ಚುವುದು, ಅತ್ತೆ ಕಟ್ಟುವುದು. ಅವಳು ಮನೆ ಬಿಟ್ಟ ಮೇಲೆ ಬಿಚ್ಚುವವರು ಇರಲಿಲ್ಲ.

"ಜನರ ಮುಂದೆ ಬಲಗೈ," ಎಂದಳು. "ಒಬ್ಬಳೇ ಇದ್ದಾಗ ಎಡಗೈಯೇ ಇರಬೇಕು. ಇಷ್ಟು ವರ್ಷ ಅಜ್ಜಿ ಮನೆ, ಹಾಸ್ಟೆಲ್ಲು, ಬಾಡಿಗೆ ಮನೆ. ಒಂದು ಮನೆನೂ ಅವಳ ಕೈಗೆ ಸಿಕ್ಕಿಲ್ಲ ಕಣೇ."

ಅವಳ ಯೋಚನೆ ಎತ್ತ ಹೋಗುತ್ತಿದೆ ಎಂದು ನನಗೆ ತಿಳಿಯಿತು.

"ನೋಡು ಪೊಲಿಕ್ಸೆನಿ. ಗಿರಾಕಿ ಹೇಳಿದ್ದನ್ನ ಬರೀತೀವಿ, ಕೇಳಿದ್ದಕ್ಕೆ ಸಲಹೆ ಕೊಡ್ತೀವಿ. ಹೇಳದೇ ಇದ್ದದ್ದನ್ನ ಬರೆಯೋ ಹಾಗಿಲ್ಲ. ನೀನೇ ನನಗೆ ಹೇಳಿಕೊಟ್ಟ ಮಾತು ಇದು. ಅವಳು ಎಡಚಿ ಅಂತ ನಮಗೆ ಯಾರೂ ಹೇಳಿಲ್ಲ."

"ಯಾರಿಗೂ ಕಾಣಲ್ಲ ಬಿಡು. ಬಾಗಿಲು ಯಾವ ಕಡೆ ತೆರೆದ್ರೇನು? ಯಾರು ಲೆಕ್ಕ ಇಡ್ತಾರೆ? ಅವಳಿಗೂ ಗೊತ್ತಾಗಲ್ಲ. ಈ ಮನೆಯಲ್ಲಿ ಯಾಕೋ ಸುಸ್ತೇ ಆಗಲ್ಲ ಅನ್ನಿಸುತ್ತೆ, ಅಷ್ಟೇ."

ಬೇಡವೆಂದು ಇನ್ನೊಮ್ಮೆ ಹೇಳಿದ್ದರೆ ಕೇಳುತ್ತಿದ್ದಳೇನೋ. ಆದರೆ ಅವಳ ಮುಖದಲ್ಲಿ ಅಂಥ ಬೆಳಕನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಆ ವಸಂತವೆಲ್ಲ ಅವಳು ಕುಣಿಯುತ್ತಾ ಕೆಲಸ ಮಾಡಿದಳು. ಅಡುಗೆಮನೆಯ ಕಪಾಟುಗಳಿಗೆ ಅಕ್ರೋಟಿನ ಮರ, ಕೀಲುಗಳೆಲ್ಲ ಬಲಕ್ಕೆ, ಹಿಡಿಕೆ ಎಡಗೈಗೆ. ಚಾಕು ಚಮಚದ ಡ್ರಾಯರ್ ಒಲೆಯ ಎಡಕ್ಕೆ. ನಲ್ಲಿಯ ಹಿಡಿ ಎಡಕ್ಕೆ. ಪರದೆ ಎಳೆಯುವ ದಾರ ಎಡಕ್ಕೆ. ಮಲಗುವ ಕೋಣೆಯ ದೀಪದ ಸ್ವಿಚ್ಚು, ಒಳಗೆ ಕಾಲಿಟ್ಟರೆ ಎಡಗೈ ಚಾಚಿದಲ್ಲಿ. ಆ ವಾಲ್‌ಪೇಪರ್ ಬೆಲ್ಜಿಯಂನಿಂದ ಬಂತು. ಬೇಕಾದ್ದಕ್ಕಿಂತ ಒಂದು ಸುರುಳಿ ಹೆಚ್ಚು ತರಿಸಿದೆವು. ಯಾವಾಗಲೂ ಹಾಗೆಯೇ ಮಾಡುತ್ತೇವೆ: ಒಂದು ಲಾಟ್, ಅಂದರೆ ಒಂದೇ ಸಲಕ್ಕೆ ಅಚ್ಚಾದ ಸರಕು, ಮುಗಿದು ಇನ್ನೊಂದು ಲಾಟ್ ಬಂದರೆ ಅದೇ ಬಣ್ಣ, ಅದೇ ಸಂಖ್ಯೆ, ಆದರೂ ಗೋಡೆಯ ಮೇಲೆ ತೇಪೆಯಂತೆ ಎದ್ದು ಕಾಣುತ್ತದೆ.

ಸಾವಾಸ್ ಮಾತ್ರ ಒಂದು ದಿನ ತಲೆ ಕೆರೆದುಕೊಂಡು ಬಂದ. "ಅಕ್ಕಾ, ಈ ಮನೆ ಕನ್ನಡಿಯೊಳಗೆ ನೋಡಿ ಬರೆದಿದೀರಾ? ಎಲ್ಲಾ ಉಲ್ಟಾ ಇದೆಯಲ್ಲ!"

"ಬರೆದ ಹಾಗೆ ಮಾಡು," ಎಂದಳು ಪೊಲಿಕ್ಸೆನಿ.

"ಮಾಡ್ತೀನಪ್ಪ. ನಾಳೆ ಆ ಹುಡುಗ ಫ್ರಿಜ್ ತೆಗೆಯೋಕೆ ಹೋಗಿ ಮೂಗು ಒಡ್ಕೊಂಡ್ರೆ ನನ್ನ ಕೇಳಬೇಡಿ."

ಕೊನೆಯಲ್ಲಿ ಸಣ್ಣಪುಟ್ಟ ಸಾಮಾನು. ತಟ್ಟೆ, ಲೋಟ, ದೀಪದ ಬುರುಡೆ, ಟವೆಲು. ಅವುಗಳ ನಡುವೆ ಒಂದು ತಾಮ್ರದ ಕಾಫಿ ಗಿಂಡಿ ಇತ್ತು. ಕಾಫಿ ಕುದಿಸುವ ಉದ್ದ ಹಿಡಿಯ ಗಿಂಡಿ ನಮ್ಮಲ್ಲಿ ಎಲ್ಲ ಮನೆಯಲ್ಲೂ ಇರುತ್ತದೆ. ಕಾಫಿ ಬಗ್ಗಿಸುವ ಮೂತಿ ಹಿಡಿಯ ಎಡಕ್ಕಿರುತ್ತದೆ, ಬಲಗೈಲಿ ಹಿಡಿದು ಬಗ್ಗಿಸಲು. ಈ ಗಿಂಡಿಯ ಮೂತಿ ಬಲಕ್ಕಿತ್ತು. ಅಂಗಡಿಯಲ್ಲಿ ಸಿಗುವಂಥದ್ದಲ್ಲ. ತಾಮ್ರದ ಕೆಲಸದವನ ಬಳಿ ಕೂತು ಬಡಿಸಿಕೊಂಡು ಬಂದಿದ್ದಳು. ಮಗು ಚಿಕ್ಕದಿದ್ದಾಗಲೂ ಆಟಕ್ಕೆಂದು ಇಂಥದ್ದೊಂದನ್ನು ಮಾಡಿಸಿಕೊಟ್ಟಿದ್ದಳಂತೆ.

"ಇದು ಬೇಡ ಕಣೇ," ಎಂದೆ. "ಬಾಗಿಲಿಗೆ ಏನಾದರೂ ಕಾರಣ ಹೇಳಬಹುದು. ಇದಕ್ಕೇನು ಹೇಳ್ಲಿ?"

"ಕಾಫಿ ಮಾಡೋವಾಗ ಯಾರೂ ಪಕ್ಕದಲ್ಲಿ ಇರಲ್ಲ," ಎಂದಳು. ಗಿಂಡಿಯನ್ನು ಬಟ್ಟೆಯಲ್ಲಿ ಸುತ್ತಿ ತಾನೇ ಪೆಟ್ಟಿಗೆಯಲ್ಲಿಟ್ಟಳು.

ಮದುವೆಯ ವಾರ ಹಾಸಿಗೆ ಹಾಸುವ ಶಾಸ್ತ್ರಕ್ಕೆ ನನ್ನನ್ನೂ ಕರೆದರು. ಮನೆ ತುಂಬ ಹೆಂಗಸರು. ಬಂದವರು ಮೊದಲು ಮಾಡುವ ಕೆಲಸ ಕಪಾಟು ತೆಗೆದು ನೋಡುವುದು, ಪರದೆಯ ಬಟ್ಟೆಯನ್ನು ಹಿಂಡಿ ನೋಡುವುದು. ಹುಡುಗನ ಚಿಕ್ಕಮ್ಮ ಒಬ್ಬರು ಫ್ರಿಜ್ಜಿನ ಬಾಗಿಲನ್ನು ತಪ್ಪು ಕಡೆಯಿಂದ ಎಳೆದು ಉಗುರು ಮುರಿದುಕೊಂಡರು.

"ಏನಿದು ಎವಾಂಥಿಯಾ, ಬಾಗಿಲು ತಲೆಕೆಳಗು ಹಾಕಿದೀಯಲ್ಲ!" ಎಂದರು ಮೆರೊಪಿಯಮ್ಮ.

"ಕಿಟಕಿ ಆ ಕಡೆ ಇದೆಯಲ್ಲ, ಬೆಳಕಿಗೆ ಅಡ್ಡ ಬರಬಾರದು ಅಂತ," ಎಂದೆ.

"ಬೆಳಕಿಗೆ ಅಡ್ಡ ಬರಲ್ಲ, ನಮ್ಮ ಊಟಕ್ಕೆ ಅಡ್ಡ ಬರುತ್ತೆ."

ಎಲ್ಲರೂ ನಕ್ಕರು. ಮೂಲೆಯ ಕುರ್ಚಿಯಲ್ಲಿ ಕಪ್ಪು ಬಟ್ಟೆ ಉಟ್ಟ ಮುದುಕಿ ಮಾತ್ರ ನಗಲಿಲ್ಲ. ಅವಳೇ ದೊಡ್ಡ ಥೊಮೈ, ಹುಡುಗಿಯ ಅಜ್ಜಿ. ತಾನೇ ಕಸೂತಿ ಹಾಕಿದ ಹಾಸಿಗೆಯ ಬಟ್ಟೆಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

ಹುಡುಗಿ ಎಲ್ಲರಿಗೂ ಕಾಫಿ ಮಾಡುತ್ತೇನೆಂದು ಅಡುಗೆಮನೆಗೆ ಹೋದಳು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಮೊದಲು ಬಲಗೈ ಚಾಚಿದಳು, ಅಲ್ಲೇನೂ ಇರಲಿಲ್ಲ. ಎಡಗೈ ಚಾಚಿದಳು, ಡ್ರಾಯರ್ ತಾನಾಗಿ ಬಂತು. ಚಮಚ, ಸಕ್ಕರೆ ಡಬ್ಬಿ, ನಲ್ಲಿ, ಕಪಾಟು, ಎಲ್ಲವೂ ಅವಳನ್ನೇ ಕಾಯುತ್ತಿದ್ದಂತೆ ಕೈಗೆ ಸಿಕ್ಕವು. ಅವಳ ಭುಜ ಕೆಳಗಿಳಿಯಿತು. ಸಣ್ಣದಾಗಿ ಏನನ್ನೋ ಗುನುಗತೊಡಗಿದಳು. ಅಷ್ಟು ಜನ ಮನೆಯಲ್ಲಿದ್ದಾರೆಂಬುದನ್ನೇ ಮರೆತು ಎಡಗೈಯಲ್ಲಿ ಗಿಂಡಿ ಎತ್ತಿದಳು, ಒಂದು ಹನಿ ಚೆಲ್ಲದೆ, ನೊರೆ ಒಡೆಯದೆ ಬಟ್ಟಲುಗಳಿಗೆ ಬಗ್ಗಿಸಿದಳು.

"ನೋಡ್ರೇ, ಎಷ್ಟು ಚೆನ್ನಾಗಿ ನೊರೆ ಬಂದಿದೆ!" ಎಂದರು ಯಾರೋ.

"ಈ ಅಡುಗೆಮನೆನೇ ಹಾಗಿದೆ," ಎಂದು ಹುಡುಗಿ ನಕ್ಕಳು. "ನನಗೇನೂ ಕೆಲಸವೇ ಇಲ್ಲ, ಎಲ್ಲಾ ಅದೇ ಮಾಡುತ್ತೆ."

ಪೊಲಿಕ್ಸೆನಿ ಬಯಸಿದ್ದು ಇಷ್ಟೇ. ಅಲ್ಲಿಗೆ ಮುಗಿದಿದ್ದರೆ ನಾನು ಹೋಗಿ ಇದನ್ನೆಲ್ಲ ಅವಳಿಗೆ ಹೇಳುತ್ತಿದ್ದೆ.

ಅಜ್ಜಿ ಬಟ್ಟೆಗಳನ್ನು ಪಕ್ಕಕ್ಕಿಟ್ಟು ಎದ್ದು ಬಂದಳು. ಒಲೆಯ ಮೇಲಿಟ್ಟಿದ್ದ ಗಿಂಡಿಯನ್ನು ತೆಗೆದು ಮೂತಿಯ ಮೇಲೆ ಹೆಬ್ಬೆರಳು ಸವರಿದಳು.

"ಇಂಥದ್ದನ್ನ ನಾನು ಒಂದು ಸಲ ಬಾವಿಗೆ ಎಸೆದಿದ್ದೆ," ಎಂದಳು. ಸಿಟ್ಟಿನ ಧ್ವನಿಯಲ್ಲ, ಹಳೆಯ ಸಾಮಾನೊಂದು ಸಿಕ್ಕಿದಾಗ ಆಡುವ ಮಾತಿನಂತೆ. ಆಮೇಲೆ ಡ್ರಾಯರನ್ನು ನೋಡಿದಳು, ನಲ್ಲಿಯನ್ನು ನೋಡಿದಳು, ನನ್ನನ್ನು ನೋಡಿದಳು. "ಈ ಮನೆ ಮಾಡಿದ್ದು ಯಾರಮ್ಮ?"

"ನಾನೇ ಅಜ್ಜಿ, ನಮ್ಮ ಅಂಗಡಿಯವರು."

"ನೀನಲ್ಲ," ಎಂದಳು ಮುದುಕಿ.

ಹುಡುಗಿಯ ಗುನುಗು ನಿಂತಿತ್ತು. ಅವಳು ದಡ್ಡಿಯಲ್ಲ. ಗಿಂಡಿಯನ್ನು ಅಜ್ಜಿಯ ಕೈಯಿಂದ ತೆಗೆದುಕೊಂಡಳು, ತಿರುಗಿಸಿ ನೋಡಿದಳು, ಅದನ್ನು ಎಡಗೈಯಿಂದ ಬಲಗೈಗೆ ಬದಲಾಯಿಸಿಕೊಂಡಳು. ತಟ್ಟೆಯನ್ನು ಬಲಗೈಯಲ್ಲೇ ಎತ್ತಿ ಹೆಂಗಸರ ಕಡೆಗೆ ನಡೆದಳು. ಹಾಸಿಗೆ ಹಾಸಿದರು, ಅಕ್ಕಿ ಎರಚಿದರು, ಸಕ್ಕರೆ ಲೇಪಿಸಿದ ಬಾದಾಮಿ ಚೆಲ್ಲಿದರು, ಪಕ್ಕದ ಮನೆಯ ಕೂಸನ್ನು ಮೇಲೆ ಉರುಳಾಡಿಸಿದರು. ಅವಳು ಎಲ್ಲದಕ್ಕೂ ನಕ್ಕಳು. ಆ ನಗು ನೋಡಲಾಗದೆ ನಾನು ಬೇಗ ಹೊರಟು ಬಂದೆ.

ಮದುವೆಯ ಹಿಂದಿನ ದಿನ ಬೆಳಿಗ್ಗೆ ಅವಳು ಅಂಗಡಿಗೆ ಬಂದಳು. ಒಬ್ಬಳೇ ಬಂದಿದ್ದಳು. ಕೂದಲಿಗೆ ಸುರುಳಿ ಹಾಕಿಸಿಕೊಂಡು, ಮೇಲೆ ಸ್ಕಾರ್ಫು ಕಟ್ಟಿಕೊಂಡಿದ್ದಳು. ಕಾಗದದ ಚೀಲದಿಂದ ಗಿಂಡಿ ತೆಗೆದು ಮೇಜಿನ ಮೇಲಿಟ್ಟಳು.

"ಅವರು ಇದಾರಾ?"

ಇಲ್ಲವೆಂದು ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಪರದೆ ಸರಿಯಿತು. ಪೊಲಿಕ್ಸೆನಿ ಕೊರಳಲ್ಲಿ ಅಳತೆಯ ಟೇಪು, ಕೈಯಲ್ಲಿ ಕತ್ತರಿ ಹಿಡಿದೇ ಹೊರಗೆ ಬಂದಿದ್ದಳು. ಇಬ್ಬರ ತೋಳೂ ಒಂದೇ ಥರ ನೀಳ ಎಂದು ನಾನು ಆಗ ನೋಡಿದೆ.

"ನೀವೇನಾ?" ಎಂದಳು ಹುಡುಗಿ.

ತಾಯಿಗೆ ನಮ್ಮಲ್ಲಿ ಯಾರೂ 'ನೀವು' ಅನ್ನುವುದಿಲ್ಲ. ಬ್ಯಾಂಕಿನವರಿಗೆ, ಡಾಕ್ಟರಿಗೆ ಅನ್ನುತ್ತೇವೆ. ಪೊಲಿಕ್ಸೆನಿ ಕತ್ತರಿಯನ್ನು ಮೇಜಿನ ಮೇಲಿಟ್ಟಳು.

"ಹೌದು, ನಾನೇ."

"ಮನೆ ತುಂಬಾ ಚೆನ್ನಾಗಿದೆ. ಸುಳ್ಳು ಹೇಳಲ್ಲ. ಆದ್ರೆ ಬದಲಾಯಿಸಬೇಕು. ಬಾಗಿಲು, ಡ್ರಾಯರು, ನಲ್ಲಿ, ಸ್ವಿಚ್ಚು, ಪರದೆಯ ದಾರ. ಎಲ್ಲಾ ಬಲಕ್ಕೆ."

"ನಿನಗೆ ಕಷ್ಟ ಆಗುತ್ತೆ ಮಗಳೇ," ಎಂದು ನಾನು ನಡುವೆ ಬಾಯಿ ಹಾಕಿದೆ.

"ಅಭ್ಯಾಸ ಇದೆ ಆಂಟಿ." ಅವಳು ನನಗೆ ಹೇಳಿದರೂ ನೋಡುತ್ತಿದ್ದದ್ದು ತಾಯಿಯನ್ನೇ. "ಕೈಗೆ ಕಾಲುಚೀಲ ಕಟ್ಟಿದ್ದು ಅಜ್ಜಿ. ಸರಿ. ನನಗೆ ಜ್ವರ ಬಂದಾಗ ಬಿಚ್ಚಿ, ಅದೇ ಕೈನ ರಾತ್ರಿಯೆಲ್ಲ ಹಿಡ್ಕೊಂಡು ಕೂತಿದ್ದವಳೂ ಅಜ್ಜಿನೇ. ಎಡಗೈ ಆದ್ರೂ ಪರವಾಗಿಲ್ಲ ಮಗು ಅಂತ ಯಾರಾದ್ರೂ ಹೇಳಲಿ ಅಂತ ಬಾಗಿಲು ನೋಡ್ತಾ ಇದ್ದೆ ಆಗ. ಯಾರೂ ಹೇಳಲಿಲ್ಲ. ಈಗ ಕಪಾಟಿನ ಬಾಗಿಲ ಕೈಲಿ ಹೇಳಿಸ್ತಿದೀರಾ?"

ಪೊಲಿಕ್ಸೆನಿ ಏನಾದರೂ ಹೇಳುತ್ತಾಳೆ, ಅಳುತ್ತಾಳೆ, ಕೈ ಹಿಡಿಯುತ್ತಾಳೆ ಎಂದು ನಾನು ಕಾದೆ. ಅವಳು ಪೆನ್ನು ತೆಗೆದುಕೊಂಡಳು.

"ನಾಳೆಯೊಳಗೆ ಆಗಲ್ಲ," ಎಂದಳು. "ಸ್ವಿಚ್ಚು ತೆಗೆಯೋಕೆ ಗೋಡೆ ಕೊರೀಬೇಕು. ಗಿಲಾವು ಒಣಗಬೇಕು, ಮೇಲೆ ಅದೇ ಲಾಟಿನ ಕಾಗದ ಹಚ್ಚಬೇಕು. ಒಂದು ಸುರುಳಿ ಇಟ್ಟಿದೀನಿ, ಸಾಕಾಗುತ್ತೆ. ಕೀಲು ತೆಗೆದ ತೂತುಗಳನ್ನ ಮರದ ಬೆಣೆಯಿಂದ ಮುಚ್ಚಬೇಕು."

"ನಾವು ಪ್ರವಾಸಕ್ಕೆ ಹೋದಾಗ ಮಾಡಿ. ಅತ್ತೆಗೆ ಹೇಳಿದೀನಿ, ಅವರಿಗೂ ಅದೇ ಬೇಕಂತೆ."

"ಫ್ರಿಜ್ಜಿನ ಬಾಗಿಲು?"

"ಅದೂ."

"ಹಾಸಿಗೆ ಪಕ್ಕದ ದೀಪ?"

"ಅದೂ."

ಪೊಲಿಕ್ಸೆನಿ ಬರೆಯುತ್ತ ಹೋದಳು. ಒಂದೊಂದನ್ನೂ ಕೇಳಿದಳು, ಒಂದನ್ನೂ ಬಿಡಲಿಲ್ಲ. ಮಗಳ ಜೊತೆ ಅಷ್ಟು ಹೊತ್ತು ಮಾತಾಡಲು ಅವಳಿಗೆ ಬೇರೆ ದಾರಿ ಇರಲಿಲ್ಲ ಎಂದು ನನಗೆ ಆಮೇಲೆ ಹೊಳೆಯಿತು. ಕೇಳುವುದು ಮುಗಿದ ಮೇಲೂ ಪೆನ್ನನ್ನು ಕಾಗದದ ಮೇಲೆಯೇ ಹಿಡಿದಿದ್ದಳು.

"ಮತ್ತೇನಾದ್ರೂ ಇದೆಯಾ?"

ಹುಡುಗಿ ಸ್ಕಾರ್ಫಿನ ಗಂಟು ಬಿಗಿದುಕೊಂಡಳು. "ಆವತ್ತು ಬಾಗಿಲ ಹೊರಗೆ ನಿಂತಿದ್ದು ನೀವು ಅಂತ ನನಗೆ ಗೊತ್ತಿತ್ತು," ಎಂದಳು. "ಅಜ್ಜಿ ಮಲಗಿರಲಿಲ್ಲ, ಮನೆಯಲ್ಲಿ ಇರಲೇ ಇಲ್ಲ. ನೀವು ಇನ್ನೊಂದು ಸಲ ಬಾಗಿಲು ತಟ್ಟಿದ್ರೆ ತೆಗೀತಿದ್ದೆ."

ಕಾಗದ ಎಳೆದುಕೊಂಡು ಬಲಗೈಯಲ್ಲಿ ರುಜು ಹಾಕಿದಳು. ಹೊರಗೆ ಹೋದಳು. ನಮ್ಮ ಬಾಗಿಲಿನ ಹಿಡಿಯನ್ನು ಮಾತ್ರ ಎಡಗೈಯಲ್ಲಿ ತಿರುಗಿಸಿದಳು, ಅದು ಅವಳಿಗೂ ತಿಳಿಯಲಿಲ್ಲ.

ಮದುವೆಯ ದಿನ ಭಾನುವಾರ, ಅಂಗಡಿಗೆ ರಜೆ. ಹಾಗಿದ್ದರೂ ಪೊಲಿಕ್ಸೆನಿ ಬೀಗ ತೆಗೆದು ಹಿಂದಿನ ಕೋಣೆಯಲ್ಲಿ ಕೂತಿದ್ದಳೆಂದು ಪಕ್ಕದ ಅಂಗಡಿಯವನು ಹೇಳಿದ. ಅಕ್ರೋಟಿನ ಮರದ ಚೂರುಗಳನ್ನು ಹರಡಿಕೊಂಡು, ಕೀಲಿನ ತೂತುಗಳಿಗೆ ಬೆಣೆ ಆರಿಸುತ್ತಿದ್ದಳಂತೆ.

ಹುಡುಗ ಹುಡುಗಿ ಪ್ರವಾಸ ಹೋದ ಮೇಲೆ ಮೆರೊಪಿಯಮ್ಮ ಕೀಲಿಕೈ ಕಳಿಸಿದರು. ಆ ಮನೆಯೊಳಗೆ ಪೊಲಿಕ್ಸೆನಿ ಮೊದಲ ಸಲ ಕಾಲಿಟ್ಟದ್ದು ಆ ದಿನ. ಕಾಗದದ ಮೇಲೆ ಅವಳಿಗೆ ಆ ಮನೆಯ ಪ್ರತಿ ಬೆರಳಗಲವೂ ಗೊತ್ತಿತ್ತು, ಕಣ್ಣಲ್ಲಿ ನೋಡಿರಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಬಂದಳು. ಅಡುಗೆಮನೆಯಲ್ಲಿ ನಿಂತು ಎಡಗೈಯಲ್ಲಿ ಒಂದೊಂದೇ ಬಾಗಿಲು ತೆರೆದಳು, ಮುಚ್ಚಿದಳು. ಅವಳು ಬಲಗೈಯವಳು. ಮಗಳ ಕೈಗೆ ಹೇಗೆ ಸಿಗುತ್ತಿತ್ತೆಂದು ನೋಡುತ್ತಿದ್ದಳು.

"ಶುರು ಮಾಡ್ಲಾ ಅಕ್ಕಾ?" ಎಂದ ಸಾವಾಸ್. ಅವನಿಗೆ ಯಾರೂ ಏನೂ ಹೇಳಿರಲಿಲ್ಲ, ಆದರೂ ಆವತ್ತು ಒಂದು ತಮಾಷೆ ಮಾತಿಲ್ಲ.

"ಮಾಡು."

ಬೆಣೆಗಳನ್ನು ಅವಳೇ ಕೂರಿಸಿದಳು. ಮರದ ಗೆರೆ ಗೆರೆಗೆ ಕೂಡುವಂತೆ ತಿರುಗಿಸಿ ತಿರುಗಿಸಿ ಹೊಂದಿಸಿದಳು, ಉಜ್ಜಿದಳು, ಎಣ್ಣೆ ಹಚ್ಚಿದಳು. ಎಲ್ಲಿ ಕೀಲಿತ್ತೆಂದು ಸಾವಾಸನಿಗೇ ಹುಡುಕಲಾಗಲಿಲ್ಲ. ಮಲಗುವ ಕೋಣೆಯ ಸ್ವಿಚ್ಚು ಬಲಕ್ಕೆ ಹೋಯಿತು, ಇದ್ದ ಜಾಗದ ಮೇಲೆ ಅದೇ ಲಾಟಿನ ಬಾದಾಮಿ ಹಾಲಿನ ಕಾಗದ ಕೂತಿತು. ಕೆಲಸ ಮುಗಿದಾಗ ಗೋಡೆ ಹುಟ್ಟಿದಂದಿನಿಂದ ಹಾಗೇ ಇತ್ತೆನ್ನುವಂತಿತ್ತು. ಅಷ್ಟು ಚೆನ್ನಾಗಿ ಮಾಡಿದ ಕೆಲಸವನ್ನು ನನ್ನ ಜೀವಮಾನದಲ್ಲಿ ಕಂಡಿಲ್ಲ.

ಗಿಂಡಿ ನಮ್ಮ ಹಿಂದಿನ ಕೋಣೆಯ ಕಪಾಟಿನಲ್ಲಿ ಉಳಿಯಿತು. ಒಂದು ದಿನ ಬೇರೆಯದು ಸಿಗದೆ ನಾನು ಅದರಲ್ಲಿ ಕಾಫಿ ಮಾಡಿ, ಬಗ್ಗಿಸುವಾಗ ಕೈಮೇಲೆಲ್ಲ ಚೆಲ್ಲಿಕೊಂಡೆ. ಪೊಲಿಕ್ಸೆನಿ ಅದನ್ನು ತೊಳೆದು, ಒರೆಸಿ, ಕಪಾಟಿನ ಇನ್ನೂ ಮೇಲಿನ ಹಲಗೆಯಲ್ಲಿಟ್ಟಳು.

ಬೇಸಿಗೆ ಕಳೆಯಿತು. ಹುಡುಗಿಯ ಸುದ್ದಿ ಬರಲಿಲ್ಲ, ನಾವೂ ಕೇಳಲಿಲ್ಲ. ದ್ರಾಕ್ಷಿ ಕೊಯ್ಲಿನ ಕಾಲದಲ್ಲಿ ಮೆರೊಪಿಯಮ್ಮ ಫೋನ್ ಮಾಡಿದರು. ಅವರ ಗಂಟಲಿಗೆ ಫೋನೇ ಬೇಡ. ಪೊಲಿಕ್ಸೆನಿ ಮೇಜಿನ ಆ ಕಡೆ ಪರದೆಯ ಬಟ್ಟೆ ಅಳೆಯುತ್ತಿದ್ದಳು, ಪ್ರತಿಯೊಂದು ಮಾತೂ ಅವಳಿಗೆ ಕೇಳುತ್ತಿತ್ತು.

"ಎವಾಂಥಿಯಾ, ಎಂಥ ಕಾಗದ ಕೊಟ್ಟಿದೀಯಮ್ಮ ನೀನು? ಮಲಗೋ ಕೋಣೆ ಗೋಡೆ ಮಾಸಿಹೋಗಿದೆ!"

"ಎಲ್ಲಿ ಮೆರೊಪಿಯಮ್ಮ?"

"ಅದೇ ನನಗೆ ಅರ್ಥ ಆಗ್ತಿಲ್ಲ. ಬಾಗಿಲಿಂದ ಒಳಗೆ ಹೋದ್ರೆ ಎಡಗಡೆ, ಎದೆ ಎತ್ತರಕ್ಕೆ, ಅಂಗೈಯಷ್ಟಗಲ. ಅಲ್ಲೇನೂ ಇಲ್ಲ! ಮೇಜಿಲ್ಲ, ಕುರ್ಚಿಯಿಲ್ಲ, ಬರೀ ಗೋಡೆ. ಯಾರು ಹೋಗಿ ಮುಟ್ತಾರೆ ಅಲ್ಲಿ? ಥೊಮೈನ ಕೇಳಿದ್ರೆ ಗೊತ್ತಿಲ್ಲ ಅತ್ತೆ ಅಂತಾಳೆ, ನನ್ನ ಮಗ ನಾನಲ್ಲ ಅಂತಾನೆ."

ಪೊಲಿಕ್ಸೆನಿಯ ಕೈಯಲ್ಲಿದ್ದ ಟೇಪು ಅಲ್ಲಿಯೇ ನಿಂತಿತು.

ನನ್ನ ಕಣ್ಣ ಮುಂದೆ ಬಂದದ್ದು ಇಷ್ಟೇ. ಸಂಜೆ ಮಬ್ಬಿನಲ್ಲಿ ಹುಡುಗಿ ಕೋಣೆಯೊಳಗೆ ಬರುತ್ತಾಳೆ, ಮನಸ್ಸು ಬೇರೆಲ್ಲೋ ಇರುತ್ತದೆ. ಎಡಗೈ ತಾನಾಗಿ ಮೇಲೇಳುತ್ತದೆ, ಬರೀ ಗೋಡೆಯನ್ನು ತಡವುತ್ತದೆ. ಆಮೇಲೆ ನೆನಪಾಗಿ ಬಲಗೈ ಚಾಚುತ್ತಾಳೆ. ದಿನವೂ.

"ಅದೇ ಕಾಗದದ ಒಂದು ತುಂಡು ತಂದು ಹಚ್ಚಿಸಿಬಿಡು," ಎನ್ನುತ್ತಿದ್ದರು ಮೆರೊಪಿಯಮ್ಮ. "ನಿನ್ನ ಹತ್ತಿರ ಉಳಿದಿರುತ್ತಲ್ಲ?"

ನಾನು ಪೊಲಿಕ್ಸೆನಿಯ ಮುಖ ನೋಡಿದೆ. ಸುರುಳಿಯಲ್ಲಿ ಉಳಿದದ್ದು ಅವಳ ಬೆನ್ನ ಹಿಂದೆ, ಗೋಡೆಗೆ ಒರಗಿ ನಿಂತಿತ್ತು. ಅಂಥ ಹತ್ತು ಕಲೆ ಮುಚ್ಚುವಷ್ಟು ಇತ್ತು.

"ಆ ಲಾಟು ಮುಗಿದಿದೆ ಅಂತ ಹೇಳು," ಎಂದಳು.

ಹಾಗೆಯೇ ಹೇಳಿದೆ. ಮೆರೊಪಿಯಮ್ಮ ಇನ್ನಷ್ಟು ಬೈದು ಫೋನಿಟ್ಟರು. ಪೊಲಿಕ್ಸೆನಿ ಟೇಪನ್ನು ಮತ್ತೆ ಬಟ್ಟೆಯ ಅಂಚಿಗೆ ಹಿಡಿದಳು. ಎಲ್ಲಿಗೆ ನಿಲ್ಲಿಸಿದ್ದಳೆಂದು ಮರೆತುಹೋಗಿತ್ತು, ಮೊದಲಿನಿಂದ ಅಳೆಯತೊಡಗಿದಳು.